ಮುಂದಾಳಿಲ್ಲದ ಧರಣಿಗೆ ನಾನು ಕೊಟ್ಟ ಹೆಸರು

ಹೆಸರು ಹೇಳಿದವನು ನಾನು.

'ಮಹದೇವಮ್ಮ ಅಂತ ಸರ್. ಅಂಗನವಾಡಿ ಸಹಾಯಕಿ.' ಇಷ್ಟೇ ನಾನು ಆಡಿದ ಮಾತು. ಕಚೇರಿಯ ಸಾಹೇಬರು ಕೇಳಿದರು, ಹೇಳಿದೆ. ಹೆದರಿಸಿ ಕೇಳಲಿಲ್ಲ, ಆಸೆ ತೋರಿಸಿಯೂ ಕೇಳಲಿಲ್ಲ. ಗೊತ್ತಿಲ್ಲ ಸರ್ ಅಂದಿದ್ದರೆ ಹೂಂ ಅಂದು ಬೇರೆ ಕಡತ ಎಳೆದುಕೊಳ್ಳುತ್ತಿದ್ದರು. ಅದಾಗಿ ಹತ್ತು ವರ್ಷದ ಮೇಲಾಯಿತು — ಮೊನ್ನೆ ಮೊನ್ನೆಯವರೆಗೂ ನಮ್ಮ ಕೇರಿಯಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ. ನನ್ನ ಹೆಂಡತಿಗೂ ಹೇಳಿರಲಿಲ್ಲ. ಮಹದೇವಮ್ಮ ನನ್ನ ದೊಡ್ಡಪ್ಪನ ಮಗಳು. ಮಾದೇವಕ್ಕ, ಮಾದೇವಕ್ಕ ಎಂದು ಅವಳ ಹಿಂದೆ ತಿರುಗಿಕೊಂಡು ಬೆಳೆದವನು ನಾನು.

ಬರೆಯುವಾಗ ಅಳು ಬರಬಹುದು ಎಂದುಕೊಂಡಿದ್ದೆ. ಬರುತ್ತಿಲ್ಲ. ಕಾಲು ಜೋಮು ಹಿಡಿದಾಗ ಮುಟ್ಟಿ ನೋಡಿಕೊಂಡರೆ ಬೇರೆ ಯಾರದೋ ಕಾಲು ಮುಟ್ಟಿದ ಹಾಗಿರುತ್ತದಲ್ಲ — ಹಾಗಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಾನು ನಮ್ಮ ಕೇರಿಯ ಮೊದಲ ಬಿ.ಎ. ಈ ಮಾತನ್ನು ಎಷ್ಟು ಕಡೆ ಹೇಳಿಕೊಂಡಿದ್ದೇನೋ. ಇಲ್ಲೂ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಂಜನಗೂಡಿನ ಹಾಸ್ಟೆಲಿನಲ್ಲಿದ್ದು ಓದಿದೆ. ಅನ್ನದಲ್ಲಿ ಹುಳ ಆರಿಸಿ ಉಂಡೆ. ಇದ್ದ ಒಂದೇ ಪ್ಯಾಂಟನ್ನು ಒಗೆದು ಹಸಿಯಾಗಿಯೇ ಹಾಕಿಕೊಂಡು ಕಾಲೇಜಿಗೆ ಹೋದೆ. ಇಂಗ್ಲಿಷ್ ಪೇಪರಿನಲ್ಲಿ ಫೇಲಾಗಿ, ಮತ್ತೆ ಕಟ್ಟಿ, ಮತ್ತೆ ಫೇಲಾಗಿ, ಕೊನೆಗೆ ಪಾಸಾದೆ. ಆ ಡಿಗ್ರಿ ಯಾರೂ ಕೊಟ್ಟದ್ದಲ್ಲ, ನಾನು ಕಿತ್ತುಕೊಂಡದ್ದು. ಇವತ್ತಿಗೂ ಆ ಹೆಮ್ಮೆ ಕಡಿಮೆಯಾಗಿಲ್ಲ, ಕಡಿಮೆ ಮಾಡಿಕೊಳ್ಳಬೇಕು ಎಂದೂ ಅನ್ನಿಸಿಲ್ಲ. ಆಮೇಲೆ ಟಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಯಾವ ಕಚೇರಿ ಎಂದು ಬರೆಯುವುದಿಲ್ಲ. ನಾನು ಹೇಳಬೇಕಾದದ್ದು ನನ್ನ ವಿಚಾರ, ಕಚೇರಿಯದಲ್ಲ. ಹೆಂಡತಿ ನಂಜನಗೂಡಿನಲ್ಲಿ ಟೀಚರ್ ಆಗಿದ್ದಳು. ಅಲ್ಲೇ ಬಾಡಿಗೆ ಮನೆ ಮಾಡಿ ದಿನಾ ನರಸೀಪುರಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ನಮ್ಮೂರು ಇವೆರಡರ ನಡುವೆ. ಊರ ಗೇಟಿನಲ್ಲಿ ಬಸ್ಸು ನಿಂತಾಗ ಯಾರಾದರೂ ಕಂಡರೆ ಕೈ ಎತ್ತುತ್ತಿದ್ದೆ. ಇಳಿಯುತ್ತಿದ್ದದ್ದು ಕಡಿಮೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ನಮ್ಮ ಕೇರಿಯ ಸ್ಮಶಾನ ಹೊಳೆದಂಡೆಯಲ್ಲಿದೆ. ಅಲ್ಲಿಗೆ ಬಯಲಿನ ನಡುವೆ ಒಂದು ಗಾಡಿ ದಾರಿ ಇತ್ತು. ಅಕ್ಕಪಕ್ಕದ ಜಮೀನಿನವರು ವರ್ಷ ವರ್ಷವೂ ಬದು ಕೆತ್ತಿ ಕೆತ್ತಿ, ಕೊನೆಗೆ ದಾರಿಯೇ ಕಬ್ಬಿನ ಗದ್ದೆಯೊಳಗೆ ಹೋಯಿತು. ಆ ವರ್ಷ ಕೇರಿಯ ಮುದುಕಿಯೊಬ್ಬಳು ತೀರಿಕೊಂಡಾಗ ಹೆಣ ಹೊತ್ತವರು ನಾಲೆಗೆ ಇಳಿದರು. ಎದೆಮಟ್ಟದ ನೀರಿನಲ್ಲಿ ಚಟ್ಟವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಸಾಗಿಸಿದರು. ಮಣ್ಣು ಮಾಡಿ ಬಂದು, ಕುಲ ಸೇರಿಸಿ, ಮಾರನೆಯ ದಿನ ಬಸ್ಸು ಹತ್ತಿ ನರಸೀಪುರಕ್ಕೆ ಬಂದು ನಮ್ಮ ಕಚೇರಿಯ ಮುಂದೆ ಕೂತರು. ಹೊಂಗೆ ಮರದ ಬುಡದಲ್ಲಿ, ನನ್ನ ಮೇಜಿನ ಪಕ್ಕದ ಕಿಟಕಿಗೆ ನೇರ ಎದುರಿಗೆ.

ಕುಲ ಅಂದರೆ ನಮ್ಮಲ್ಲಿ ಮನೆಗೊಬ್ಬರು ಕೂತು ಕೇರಿಯ ನ್ಯಾಯ ಮಾತಾಡುವ ಸಭೆ. ಸಾಮಾನ್ಯವಾಗಿ ಅದಕ್ಕೊಬ್ಬ ಯಜಮಾನ ಇರುತ್ತಾನೆ. ಹೊರಗಿನವರ ಜೊತೆ ಮಾತಾಡುವವನು ಅವನೇ. ಆದರೆ ಆ ಕುಲದಲ್ಲಿ ಆದ ತೀರ್ಮಾನ ಬೇರೆ: ಈ ಸಲ ಯಜಮಾನ ಬೇಡ. ಯಾರೂ ಮುಂದೆ ನಿಲ್ಲುವ ಹಾಗಿಲ್ಲ. ನಿಮ್ಮ ಮುಖಂಡ ಯಾರು ಎಂದು ಯಾರೇ ಕೇಳಿದರೂ ಒಬ್ಬರ ಹೆಸರು ಹೇಳುವ ಹಾಗಿಲ್ಲ. ಗದ್ದೆಗೆ ನಾಲೆ ನೀರು ಬಿಟ್ಟುಕೊಳ್ಳಲು ಮನೆಗಿಷ್ಟು ಹೊತ್ತು ಎಂದು ಸರದಿ ಇರುತ್ತದಲ್ಲ, ಹಾಗೆಯೇ ಮಾತಿಗೂ ಸರದಿ. ದಿನಕ್ಕೊಂದು ಮನೆ. ಆವತ್ತಿನ ಮನೆಯವರು ಕೇಳಿದವರಿಗೆ ಉತ್ತರ ಕೊಡಬೇಕು, ಮಿಕ್ಕವರು ಸುಮ್ಮನೆ ಕೂತಿರಬೇಕು. ನಾನು ಆ ಕುಲಕ್ಕೆ ಹೋಗಿರಲಿಲ್ಲ. ಆದರೆ ತೀರ್ಮಾನ ನನಗೆ ಗೊತ್ತಿತ್ತು, ಅವ್ವ ಹೇಳಿದ್ದಳು. ಗೊತ್ತಿರಲಿಲ್ಲ ಎಂದು ಬರೆದುಬಿಟ್ಟಿದ್ದರೆ...

ನನಗೆ ಮೊದಲ ದಿನದಿಂದಲೇ ಅದು ಸರಿ ಕಾಣಲಿಲ್ಲ. ಒಂದು ದಿನದ ಸರದಿಯವರು ಸ್ಮಶಾನಕ್ಕೆ ದಾರಿ ಕೊಡಿ ಎಂದರು. ಮಾರನೆಯ ದಿನದವರು ದಾರಿಯ ಜೊತೆಗೆ ಬೋರ್‌ವೆಲ್ಲೂ ಬೇಕು ಎಂದರು. ಅದರ ಮಾರನೆಯ ದಿನ ಕೂತವನು ದಾರಿಯ ಮಾತೇ ಎತ್ತದೆ ರೇಷನ್ ಕಾರ್ಡಿನ ಕಥೆ ಶುರು ಮಾಡಿದ. ಸುದ್ದಿ ಹರಡಿ ಸುತ್ತಲಿನ ಊರುಗಳ ಕೇರಿಯವರೂ ತಮ್ಮ ತಮ್ಮ ಕಷ್ಟ ಹೊತ್ತುಕೊಂಡು ಬಂದು ಸೇರಿಕೊಂಡರು — ಒಬ್ಬರ ಊರಲ್ಲಿ ಬಸ್ಸು ನಿಲ್ಲಿಸುವುದಿಲ್ಲ, ಇನ್ನೊಬ್ಬರ ಊರಲ್ಲಿ ಹೋಟೆಲಿನಲ್ಲಿ ಬೇರೆ ಲೋಟ. ಬ್ಯಾನರ್ ಇಲ್ಲ, ಘೋಷಣೆ ಇಲ್ಲ, ಒಂದು ಮನವಿ ಪತ್ರ ಕೂಡ ಇಲ್ಲ. ಏನು ಮಾಡಿಕೊಟ್ಟರೆ ಎದ್ದು ಹೋಗುತ್ತೀರಿ ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಹೆಂಗಸರು ತಲೆ ಬಿಚ್ಚಿಕೊಂಡು ಹೇನು ನೋಡುವರು. ಗಂಡಸರು ಟವೆಲ್ಲು ಮುಖಕ್ಕೆ ಹಾಕಿಕೊಂಡು ಮಲಗಿರುವರು. ಪೇಪರಿನವನೊಬ್ಬ ಮೈಸೂರಿನಿಂದ ಬಂದ, ಯಾರ ಹೆಸರು ಹಾಕಲಿ ಎಂದು ಕೇಳಿದ, ಎಲ್ಲರದ್ದೂ ಹಾಕಿ ಎಂದರು. ಅವನು ಪೆನ್ನು ಮುಚ್ಚಿ ಹೋದ. ಒಂದು ಸಾಲೂ ಬರಲಿಲ್ಲ.

ಗುರಿಯೇ ಗೊತ್ತಿಲ್ಲದ ಹೋರಾಟ ಹೋರಾಟವೇ? ನೋಡುವವರಿಗೆ ಏನೆಂದು ಅರ್ಥವಾಗಬೇಕು? ಇದು ಆವತ್ತಿನ ನನ್ನ ಪ್ರಶ್ನೆ. ಸುಳ್ಳು ಪ್ರಶ್ನೆಯಲ್ಲ. ಇವತ್ತಿಗೂ ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಆದರೆ ಆ ಪ್ರಶ್ನೆಯ ಹಿಂದೆ ಇನ್ನೊಂದಿತ್ತು.

ಪಕ್ಕದ ಮೇಜಿನ ಲಿಂಗರಾಜು ಬೆಳಿಗ್ಗೆ ಬಂದು ಹಾಜರಿ ಹಾಕಿದವನೇ ಕಿಟಕಿಯಲ್ಲಿ ಬಗ್ಗಿ ನೋಡುತ್ತಿದ್ದ. 'ಏನ್ ಸಿದ್ದರಾಜು, ನಿಮ್ಮೋರು ಮದ್ವೆಗ್ ಬಂದವ್ರೋ ತಿಥಿಗ್ ಬಂದವ್ರೋ? ವಸಿ ಕೇಳ್ಬುಟ್ ಬಾರಪ್ಪ, ನಾವೂ ಒಂದೆಲೆ ಹಾಕಿಸ್ಕೊಳಾನ.' ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಿಮ್ಮೋರು — ಆ ಒಂದು ಪದದಿಂದ ದೂರ ಬರಲು ನಾನು ಎಷ್ಟು ಓದಿದ್ದೆ. ಷರ್ಟು ಇನ್ ಮಾಡಿ, ಮಾತು ತಿದ್ದಿಕೊಂಡು, ಎಲ್ಲರ ಡಬ್ಬಿಯ ಜೊತೆ ನನ್ನ ಡಬ್ಬಿಯನ್ನೂ ಬಿಚ್ಚುವಷ್ಟು ಹತ್ತಿರ ಬಂದಿದ್ದೆ. ಅಷ್ಟರಲ್ಲಿ ಕೇರಿಗೆ ಕೇರಿಯೇ ಬಂದು ನನ್ನ ಕಿಟಕಿಯ ಮುಂದೆ ಕೂತಿತ್ತು. ನಮ್ಮ ಮನೆಯ ಸರದಿಯ ದಿನ ಅವ್ವ ಬಂದಿದ್ದಳು. ನಾನು ಬಿಸಿಲು ಎಂದು ಹೇಳಿ ಕಿಟಕಿಯ ಬಾಗಿಲು ಎಳೆದುಕೊಂಡೆ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮರದ ಹತ್ತಿರ ಹೋದೆ. ಬುದ್ಧಿ ಹೇಳಲು ಹೋದೆ.

'ಒಂದು ಕಮಿಟಿ ಮಾಡ್ಕೊಳ್ಳಿ. ಅಧ್ಯಕ್ಷ, ಕಾರ್ಯದರ್ಶಿ ಅಂತ ಇರಲಿ. ಒಂದೇ ಬೇಡಿಕೆ ಇಟ್ಕೊಳ್ಳಿ. ಬೇಕಾದ್ರೆ ನಾನೇ ಬರೆದುಕೊಡ್ತೀನಿ.'

ತಮ್ಮಯ್ಯ ನನ್ನ ಅಪ್ಪನ ಜೊತೆಗಾರ. ಅಪ್ಪ ಹೋದ ಮೇಲೆ ನನ್ನನ್ನು ಗದರಿಸುವ ಹಕ್ಕು ಅವನದು. ಎಲೆಯಡಿಕೆ ಉಗಿದು ಬಾಯಿ ಒರೆಸಿಕೊಂಡ. 'ಲೇ ಸಿದ್ದ, ಓದಿರೋನು ನೀನು, ಒಂದ್ ಮಾತ್ ಯೋಳು. ಇದೇ ದಾರಿ ವಿಸ್ಯಕ್ಕೆ ಮುಂಚೆ ನಿಮ್ ದೊಡ್ಡಪ್ಪನ್ನ ಮುಂದ್ಕೆ ಬುಟ್ಟಿದ್ದೊ. ಏನಾಯ್ತು? ರಸ್ತೆ ಕೆಲ್ಸದ ಮೇಸ್ತ್ರಿ ಮಾಡುದ್ರು, ಬಾಯ್ ಮುಚ್ಕಂಡ. ಅದ್ಕೂ ಮುಂಚೆ ಒಬ್ನ ಬುಟ್ಟೊ, ಅವ್ನ ಕಾಲ್ ಮುರುದ್ರು. ಒಬ್ಬ ಇದ್ರೆ ಕೊಂಡ್ಕೋಬೋದು, ಇಲ್ಲ ಒಡೀಬೋದು. ಊರ್ಗೂರೇ ಕೂತಿದ್ರೆ ಏನ್ ಮಾಡಾರು?'

'ಹೀಗೆ ಕೂತಿದ್ರೆ ಯಾರೂ ಬೆಲೆ ಕೊಡಲ್ಲ ತಮ್ಮಯ್ಯ. ನೋಡಿದವರು ನಗ್ತಾರೆ.'

'ನಗ್ಲಿ ಬುಡ್ಲಾ. ನಗೋರ್ ಬಾಯ್ ನೋಯ್ತದೆ, ನಮ್ದೇನ್ ಗಂಟ್ ಓಯ್ತದೆ?'

ಅಲ್ಲೇ ಸೊಪ್ಪು ಬಿಡಿಸುತ್ತಾ ಕೂತಿದ್ದ ಮಾದೇವಕ್ಕ ತಲೆ ಎತ್ತದೆಯೇ ಅಂದಳು: 'ಅವ್ನ ಕಿಟ್ಕಿ ಮುಂದ್ ಕೂತೀವಲ್ಲ, ಅದ್ಕ ಉರಿ. ವಸಿ ಅತ್ತಗ್ ಜರುಗ್ರಪ್ಪೋ, ನಮ್ ಸಾಯೇಬ್ರಿಗೆ ಗಾಳಿ ಬರ್ಲಿ!'

ಮರದ ಕೆಳಗಿದ್ದವರೆಲ್ಲ ನಕ್ಕರು. ಇಬ್ಬರು ನಿಜವಾಗಿಯೂ ಎದ್ದು ಆಚೆ ಜರುಗಿ ಕೂತು ಇನ್ನಷ್ಟು ನಗಿಸಿದರು. ಅವಳ ಮಾತೇ ಹಾಗೆ. ಚುಚ್ಚುತ್ತಿತ್ತು, ಸರಿಯಾದ ಜಾಗಕ್ಕೇ ಚುಚ್ಚುತ್ತಿತ್ತು. ಏಳನೆಯ ಕ್ಲಾಸಿಗೆ ಬಿಡಿಸಿದ್ದರು ಅವಳನ್ನು. ಕುಲದಲ್ಲಿ ಹೆಂಗಸರು ಹಿಂದೆ ಕೂರುವುದು ವಾಡಿಕೆ. ಅವಳು ಹಿಂದೆ ಕೂತೇ ಮಾತಾಡುತ್ತಿದ್ದಳು, ಮುಂದಿದ್ದವರು ತಿರುಗಿ ಕೂರುತ್ತಿದ್ದರು.

ಕೆಲವು ದಿನ ಕಳೆದ ಮೇಲೆ ಅವಳ ಮನೆಯ ಸರದಿ ಬಂತು. ಸಾಹೇಬರ ಜೀಪು ಬಂದು ನಿಂತು, ಅವರು ಇಳಿದು, ಎಂದಿನಂತೆ ಏನ್ರಪ್ಪಾ ಇನ್ನೂ ಇಲ್ಲೇ ಇದ್ದೀರಾ ಎಂದರು. ಮಾದೇವಕ್ಕ ಎದ್ದು ನಿಂತಳು. ನಾನು ಕಿಟಕಿಯಲ್ಲಿದ್ದೆ.

'ಸಾ, ಬದ್ಕಿರೋ ಗಂಟ ನಾವು ಎಲ್ಲಾರ್ ಗದ್ದೇಲೂ ನಡೀತೀವಿ. ನಾಟಿಗೆ ನಡೀತೀವಿ, ಕಳೇಗೆ ನಡೀತೀವಿ, ಕುಯ್ಲಿಗೆ ನಡೀತೀವಿ. ಆಗ ಯಾರೂ ನಿಮ್ಗೆ ದಾರಿ ಇಲ್ಲ ಅನ್ನಲ್ಲ. ಸತ್ ಮೇಲೆ ಒಂದೇ ಒಂದ್ ಸಲ ಓಗ್ತೀವಿ, ಕೆಲ್ಸ ಮಾಡ್ದೆ. ಅದ್ಕ ದಾರಿ ಇಲ್ವಾ ಸಾ?'

ರಸ್ತೆಯಲ್ಲಿ ಹೋಗುತ್ತಿದ್ದವರು ಸೈಕಲ್ಲಿನಿಂದ ಕಾಲು ಊರಿ ನಿಂತರು. ಸಾಹೇಬರು ನೇರ ಒಳಗೆ ಬಂದರು. ಲಿಂಗರಾಜು ಆವತ್ತು ತಮಾಷೆ ಮಾಡಲಿಲ್ಲ. ನನಗೆ ಎದೆ ಉಬ್ಬಿತು — ಇದು ನಿಜ. ಇಷ್ಟು ದಿನಕ್ಕೆ ಒಂದು ಮಾತು ನೆಟ್ಟಗೆ ಬಂತಲ್ಲ, ನಮ್ಮ ಅಕ್ಕನ ಬಾಯಿಂದ ಬಂತಲ್ಲ ಎಂದು.

ಆವತ್ತೇ ಮಧ್ಯಾಹ್ನ ಸಾಹೇಬರು ಒಳಗೆ ಕರೆದರು.

'ಇವರು ನಿಮ್ಮೂರಿನವರೇ ಅಂತೆ ಸಿದ್ದರಾಜು. ನಾನು ಯಾರ ಹತ್ರ ಮಾತಾಡಲ್ರೀ? ಮೇಲಿನವರು ಕೇಳ್ತಿದಾರೆ. ತಲೆ ಇಲ್ಲ ಬಾಲ ಇಲ್ಲ. ಲೀಡರ್ ಯಾರು ಇವರಿಗೆ?'

ಅದಕ್ಕೆ ನಾನು ಕೊಟ್ಟ ಉತ್ತರ ಮೊದಲೇ ಬರೆದಿದ್ದೇನೆ.

ಹೆಸರು ಹೇಳಿ ನಿಲ್ಲಿಸಬಹುದಿತ್ತು. ಮಹದೇವಮ್ಮ ಎನ್ನುವವರು ತಾಲೂಕಿನಲ್ಲಿ ಎಷ್ಟು ಜನ ಇಲ್ಲ! ಆದರೆ ನಾನು ಗುಮಾಸ್ತ. ಕಚೇರಿಯಲ್ಲಿ ನಾವು ಬರಿ ಹೆಸರು ಹೇಳುವುದಿಲ್ಲ. ಹೆಸರಿನ ಹಿಂದೆ ಹುದ್ದೆ ತಾನಾಗಿ ಬರುತ್ತದೆ — ಬಾಯಿಗೆ ಬಿದ್ದ ಅಭ್ಯಾಸ. ಅಭ್ಯಾಸ ಎಂದು ಬಹಳ ವರ್ಷ ಸಮಾಧಾನ ಮಾಡಿಕೊಂಡೆ. ಗೌರವಧನದ ಮೇಲೆ ಕೆಲಸ ಮಾಡುವ ಹೆಂಗಸು ಧರಣಿಯ ಲೀಡರ್ ಎಂದರೆ ಏನಾಗುತ್ತದೆ ಎಂದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅಂಥ ಕಡತಗಳನ್ನು ನಾನೇ ಹೊಲಿದು ಇಟ್ಟವನು.

ಯಾಕೆ ಹೇಳಿದೆ? ಒಬ್ಬ ಮುಂದಾಳು ಎಂದಾದರೆ ಸಾಹೇಬರು ಕರೆದು ಮಾತಾಡುತ್ತಾರೆ, ಕೆಲಸ ಆಗುತ್ತದೆ, ಕೇರಿಗೆ ಒಂದು ಮರ್ಯಾದೆ ಬರುತ್ತದೆ — ಇದೂ ಮನಸ್ಸಿನಲ್ಲಿತ್ತು. ಬೇಗ ಎದ್ದು ಹೋದರೆ ಸಾಕು, ನನ್ನ ಕಿಟಕಿ ತೆರವಾದರೆ ಸಾಕು — ಇದೂ ಇತ್ತು. ಸಾಹೇಬರು ನನ್ನನ್ನು ಒಳಗೆ ಕರೆದು ಕೇಳಿದರಲ್ಲ ಎಂಬ ಹಿಗ್ಗು ಇತ್ತು. ಎಲ್ಲರ ಮುಂದೆ ಅವಳು ನನ್ನನ್ನು ನಗೆಪಾಟಲು ಮಾಡಿದ್ದು... ಅದು ಇತ್ತೋ ಇಲ್ಲವೋ. ಎಷ್ಟು ಕೆದಕಿದರೂ ಗೊತ್ತಾಗುವುದಿಲ್ಲ. ಇರಲಿಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ.

ಮಾರನೆಯ ದಿನ ಜವಾನ ಮರದ ಹತ್ತಿರ ಹೋಗಿ ಕೂಗಿದ: 'ಮಹದೇವಮ್ಮ ಯಾರು? ಸಾಹೇಬ್ರು ಕರೀತಾರೆ.'

'ಇವತ್ತು ನನ್ ಸರ್ದಿ ಅಲ್ಲ ಕಣಪ್ಪ,' ಎಂದಳು ಅವಳು.

'ನಿಮ್ಮನ್ನೇ ಕರೀತಿರೋದು. ಅಂಗನವಾಡಿ ಮಹದೇವಮ್ಮ.'

ಅವಳು ಸುತ್ತ ಕೂತವರನ್ನು ನೋಡಿದಳು. ಯಾರೂ ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಎದ್ದು ಬಂದಳು. ನನ್ನ ಮೇಜಿನ ಪಕ್ಕದಲ್ಲೇ ಹಾದುಹೋದಳು; ನಾನು ತಲೆ ಬಗ್ಗಿಸಿ ಬರೆಯುತ್ತಿದ್ದೆ. ಒಳಗೆ ಕುರ್ಚಿ ಹಾಕಿ ಕೂರಿಸಿದರು, ಟೀ ತರಿಸಿದರು. ಬಾಗಿಲು ಹಾಕಿಕೊಂಡಿತು. ಕಿಟಕಿಯಲ್ಲಿ ನೋಡಿದೆ. ಅಷ್ಟು ದಿನ ಮಲಗಿಕೊಂಡು, ಹರಟಿಕೊಂಡು, ಹೇನು ಕುಕ್ಕಿಕೊಂಡು ಇದ್ದ ಜನ ಎಲ್ಲ ಎದ್ದು ಕೂತಿದ್ದರು. ಎಲ್ಲರೂ ಆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು. ಅಷ್ಟು ಹೊತ್ತಿಗೆ ನನಗೆ ಅರ್ಥವಾಯಿತು ಅನ್ನಿಸುತ್ತದೆ. ತಮ್ಮಯ್ಯ ಹೇಳಿದ್ದು ಇದನ್ನೇ.

ಅವಳು ಹೊರಗೆ ಹೋದಾಗ ಆದ ಮಾತು ಕಿಟಕಿಗೆ ಕೇಳಿಸಿತು.

'ಏನಂತೆ?'

'ಸರ್ವೆ ಮಾಡಿಸ್ತೀವಿ, ಎಲ್ಲಾರ್ನೂ ಎಬ್ಬಿಸ್ಕಂಡ್ ಓಗಮ್ಮ ಅಂದ್ರು. ನಂದೇನಿಲ್ಲ, ಎಲ್ಲಾರ್ನೂ ಕೇಳಿ ಯೋಳ್ತೀನಿ ಅಂದೆ.'

'ಅಷ್ಟಕ್ಕೆ ಇಷ್ಟೊತ್ತಾ? ಟೀ ಕೊಟ್ರಾ?'

'ಕೊಟ್ರು.'

'ಕುಡುದ್ಯಾ?'

'ಕುಡುದೆ.'

ಆಮೇಲೆ ಹಿಂದಿನಿಂದ ಒಂದು ಗಂಡು ದನಿ: 'ಅಪ್ಪಂಗೆ ಮೇಸ್ತ್ರಿ ಕೆಲ್ಸ. ಮಗಳ್ಗೆ ಏನಂತೆ ಕೇಳ್ರಪ್ಪಾ.'

ಅಪ್ಪ ಮಾಡಿದ್ದಕ್ಕೆ ಮಗಳ ಮೇಲೂ ಅನುಮಾನದ ಕಣ್ಣಿಟ್ಟಿದ್ದ ಕೇರಿ ಅದು. ಅಂಥವಳ ಹೆಸರನ್ನೇ ನಾನು ಆರಿಸಿ ಕೊಟ್ಟಿದ್ದೆ. ಸಾಹೇಬರಿಗೆ ಅವಳ ಹೆಸರು, ಕೆಲಸ ಹೇಗೆ ತಿಳಿಯಿತು ಎಂದು ಯಾರೂ ನನ್ನನ್ನು ಕೇಳಲಿಲ್ಲ. ಅವಳೇ ಒಳಗೊಳಗೆ ಹೇಳಿಕೊಂಡಿರಬೇಕು ಎಂದುಕೊಂಡರು. ಮೊದಲು ಬೇರೆ ಊರಿನವರು ಬರುವುದನ್ನು ಬಿಟ್ಟರು. ಆಮೇಲೆ ನಮ್ಮವರಲ್ಲೇ ಸರದಿ ತಪ್ಪಿತು. ಒಬ್ಬೊಬ್ಬರಾಗಿ ಕೂಲಿಗೆ ಹೋದರು. ಒಂದು ಬೆಳಿಗ್ಗೆ ಬಂದು ನೋಡಿದರೆ ಹೊಂಗೆ ಮರದ ಕೆಳಗೆ ಯಾರೂ ಇರಲಿಲ್ಲ. ಲಿಂಗರಾಜು, 'ಊಟ ಮುಗೀತು ಅಂತ ಕಾಣ್ತದೆ,' ಎಂದ. ನಾನು ಕಿಟಕಿ ಪೂರ್ತಿ ತೆರೆದೆ.

ಆ ಧರಣಿ ಗೆದ್ದೇ ಬಿಡುತ್ತಿತ್ತು ಎಂದು ನಾನು ಹೇಳಲಾರೆ. ತಾನಾಗಿ ಸೋಲಲೂಬಹುದಿತ್ತು. ಆದರೆ ಅದು ತಾನಾಗಿ ಸೋಲಲಿಲ್ಲ. ದಾರಿಯ ವಿಷಯಕ್ಕೆ ಆಮೇಲೆ ಎಂದೋ ಸರ್ವೆ ಆಯಿತು, ಅರ್ಧ ದಾರಿ ಬಿಟ್ಟುಕೊಟ್ಟರು. ಚಟ್ಟ ಹೊರುವ ನಾಲ್ವರಲ್ಲಿ ಇಬ್ಬರು ಇವತ್ತಿಗೂ ಗದ್ದೆಯ ಕೆಸರಿನಲ್ಲಿ ಕಾಲಿಟ್ಟು ನಡೆಯಬೇಕು.

ಮಾದೇವಕ್ಕನನ್ನು ಕೆಲಸದಿಂದ ತೆಗೆದರು. ಕೆಲಸದ ಹೊತ್ತಿನಲ್ಲಿ ಧರಣಿ ಕೂತಳು, ಧರಣಿಯ ನೇತೃತ್ವ ವಹಿಸಿದಳು — ಇದು ಕಾರಣ. ಅವಳ ಗಂಡ ಆಗಲೇ ಕಾಯಿಲೆಯವನು, ಮಗಳು ಶೋಭಾ ಚಿಕ್ಕವಳು. ಸುದ್ದಿ ಕೇಳಿ ಒಂದು ಭಾನುವಾರ ಅವಳ ಮನೆಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದೆನೋ, ಯಾರ ಮೇಲೆ ಅನುಮಾನವಿದೆ ಎಂದು ತಿಳಿದುಕೊಳ್ಳಲು ಹೋದೆನೋ. ಅವಳು ಮುದ್ದೆ, ಉಪ್ಸಾರು ಮಾಡಿ ಬಡಿಸಿದಳು. ಬಡಿಸುತ್ತಾ ಅಂದಳು:

'ಆವತ್ತು ನಾನು ಅಷ್ಟ್ ಮಾತಾಡ್ಬಾರದಾಗಿತ್ತು ಕಣೋ ಸಿದ್ದ. ಬೇರೆಯೋರು ಸರ್ದಿಗೆ ಬಂದು ನಾಕ್ ಮಾತಾಡಿ ಓದ್ರು. ನಾನು ದೊಡ್ಡದಾಗ್ ಬಾಯ್ ಮಾಡ್ದೆ, ಸಾಯೇಬ್ರ ಕಣ್ಗೆ ಬಿದ್ದೆ. ನನ್ ಬಾಯೇ ನನ್ನ ಕೆಡಿಸ್ತು.'

ಅವಳ ಎದುರಿಗೆ ಕೂತಿದ್ದೆ. ಇಲ್ಲ ಅಕ್ಕ, ನಿನ್ನ ಬಾಯಲ್ಲ, ನನ್ನ ಬಾಯಿ — ಅಷ್ಟು ಹೇಳಬೇಕಾಗಿತ್ತು. ಮುದ್ದೆ ಮುರಿದೆ. ಅದ್ದಿಕೊಂಡು ನುಂಗಿದೆ. ಇನ್ನೊಂದು ತುತ್ತು ಮುರಿದೆ. ಆಗಲಿ ಬಿಡಕ್ಕ, ಏನ್ ಮಾಡಕ್ಕಾಗ್ತದೆ ಎಂದು ಹೇಳಿ ಕೈ ತೊಳೆದುಕೊಂಡೆ.

ಹೆಸರು ಹೇಳಿದ್ದು ಒಂದು ಗಳಿಗೆಯ ಕೆಲಸ. ಈ ಸುಮ್ಮನಿರುವುದು ಹಾಗಲ್ಲ. ಅದನ್ನು ವರ್ಷಗಟ್ಟಲೆ ಮಾಡಿದೆ. ಹಬ್ಬಕ್ಕೆ ಹೋದಾಗ, ಮದುವೆಯಲ್ಲಿ ಸಿಕ್ಕಾಗ, ಅವ್ವ ತೀರಿಕೊಂಡಾಗ, ಅವಳು ಬಂದು ಸ್ಮಶಾನದ ದಾರಿಯಲ್ಲಿ ನನ್ನ ತೋಳು ಹಿಡಿದುಕೊಂಡು ನಡೆದಾಗ — ಪ್ರತಿ ಸಲವೂ ಹೊಸದಾಗಿ ಸುಮ್ಮನಿದ್ದೆ.

ಅವಳು ನಾಟಿ ಕೂಲಿಗೆ ಹೋದಳು, ಇಟ್ಟಿಗೆ ಗೂಡಿಗೆ ಹೋದಳು. ಗಂಡ ತೀರಿಕೊಂಡ. ಕುಲ ಸೇರಿದಾಗ ಮನೆಗೊಬ್ಬರು ಎಂದು ಬಂದು ಹಿಂದೆ ಕೂರುತ್ತಿದ್ದಳು, ಮಾತಾಡುತ್ತಿರಲಿಲ್ಲ. ನೀನೇನಂತೀ ಮಾದೇವಿ ಎಂದು ತಮ್ಮಯ್ಯ ಕೇಳಿದರೂ, ಎಲ್ಲಾರ್ ಯೋಳ್ದಂಗೆ ಎನ್ನುತ್ತಿದ್ದಳು. ಕೇರಿಯಲ್ಲಿ ಕೆಲವರು ಅವಳು ಕುಡಿದ ಟೀಯನ್ನು ಇನ್ನೂ ಮರೆತಿರಲಿಲ್ಲ. ನನಗೆ ಬಡ್ತಿ ಸಿಕ್ಕಿತು, ನಂಜನಗೂಡಿನಲ್ಲಿ ಸ್ವಂತ ಮನೆಯಾಯಿತು. ಗೃಹಪ್ರವೇಶಕ್ಕೆ ಬಂದು ಅವಳು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಯಾರೋ ನನ್ನನ್ನು ಕರೆದು, ಎಷ್ಟ್ ಒಳ್ಳೆ ಹೆಂಗ್ಸಪ್ಪ, ತುಟಿ ಪಿಟಕ್ ಅನ್ನಲ್ಲ ಎಂದರು.

ಈ ವರ್ಷ ಶೋಭಾ ನಂಜನಗೂಡಿನಲ್ಲಿ ಡಿಗ್ರಿಗೆ ಸೇರಿದಳು. ಹಾಸ್ಟೆಲ್ ಸೀಟಿನ ತೊಂದರೆ. ಸೀಟು ಮುಗಿದಿದೆ ಎಂದು ಅವಳನ್ನು ವಾಪಸು ಕಳಿಸಿದ್ದರು. ಅವಳಿಗಿಂತ ಕಡಿಮೆ ನಂಬರಿನವರಿಗೆ ಸಿಕ್ಕಿತ್ತು. ಫೋನ್ ಮಾಡಿದಳು: 'ಮಾವ, ತಾಯಿ ತಂದೆ ಬಂದು ಮಾತಾಡಬೇಕಂತೆ. ಅವ್ವ ಬಂದ್ರೂ ಬಾಯ್ ಬಿಡಲ್ಲ. ನೀವೂ ಬನ್ನಿ.'

ಹೋದೆ. ವಾರ್ಡನ್ ಕೆಟ್ಟವರೇನಲ್ಲ, ಕೆಲಸ ಮಾಡಿ ದಣಿದಿದ್ದವರು. 'ನೀವು ತಾಯಿನಾ? ಏನಮ್ಮ, ಹೇಳಿ,' ಎಂದು ನೇರ ಮಾದೇವಕ್ಕನನ್ನೇ ಕೇಳಿದರು. ಅವಳು ಗೋಡೆಗೆ ಒತ್ತಿಕೊಂಡು, ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ನನ್ನ ಕಡೆ ನೋಡಿದಳು. 'ಅವ್ನೇ ಯೋಳ್ತಾನೆ ಸಾ.' ನಾನು ಹೇಳಿದೆ. ಹುದ್ದೆ ಹೇಳಿಕೊಂಡೆ, ನಿಯಮ ಹೇಳಿದೆ, ಸೀಟು ಆಯಿತು.

ಹೊರಗೆ ಬಂದ ಮೇಲೆ ಶೋಭಾ ಸಿಡುಕಿದಳು. 'ನಿಂಗೇನ್ ಬಾಯಿಲ್ವಾ ಅವ್ವಾ? ಮೂಕಿ ಥರ ನಿಂತ್ಕತೀಯಲ್ಲ.'

'ನಾ ಬಾಯ್ ಬುಟ್ರೆ ನಿನ್ ಸೀಟೂ ಓಯ್ತದೆ, ಸುಮ್ನಿರು ಕೂಸೇ,' ಎಂದಳು ಮಾದೇವಕ್ಕ. ತಮಾಷೆಗಲ್ಲ. ಬಿಸಿಲಲ್ಲಿ ಹೊರಗೆ ಹೋಗಬೇಡ ಎನ್ನುವ ಹಾಗೆ, ಗೊತ್ತಿರುವ ಸಂಗತಿಯೊಂದನ್ನು ಹೇಳಿದಳು.

ಶೋಭಾ ಟ್ರಂಕು ಒಳಗಿಡಲು ಹೋದಳು. ನಾನು ಅಕ್ಕನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ನಡೆದೆ. ಬೆಂಚಿನ ಮೇಲೆ ಕೂತೆವು. ಹೇಳಿದೆ. ಹೇಗೆ ಹೇಳಿದೆ ಎಂದು ನೆನಪಿಲ್ಲ. ಅರ್ಜಿ ಓದಿದ ಹಾಗೆ ಓದಿರಬೇಕು. ಬಸ್ಸುಗಳು ಬಂದು ಹೋಗುತ್ತಿದ್ದವು, ಕಂಡಕ್ಟರುಗಳು ಕೂಗುತ್ತಿದ್ದರು. ಅವಳ ಬಸ್ಸೂ ಬಂತು. ಅವಳು ಏಳಲಿಲ್ಲ.

'ನೀನಾ?' ಎಂದಳು.

'ಹೂಂ.'

'ಕೆಲ್ಸಾನೂ ಯೋಳ್ದ್ಯಾ? ಅಂಗನವಾಡಿ ಅಂತ?'

'ಹೇಳ್ದೆ.'

ನನ್ನ ಮುಖ ನೋಡಲಿಲ್ಲ. ಎದುರಿಗೆ ಸೌತೆಕಾಯಿ ಮಾರುವವಳ ಬುಟ್ಟಿ ನೋಡುತ್ತಿದ್ದಳು. ಅಳುತ್ತಾಳೆ ಎಂದುಕೊಂಡೆ, ಬಯ್ಯುತ್ತಾಳೆ ಎಂದುಕೊಂಡೆ. ಆಮೇಲೆ ಅಂದಳು:

'ಕೆಲ್ಸ ಓದ್ರೆ ಓಯ್ತು ಬುಡು. ಕೂಲಿ ಮಾಡ್ದೆ, ಉಂಡೊ. ನೀನು ಆ ಭಾನ್ವಾರ ಬಂದಿದ್ದಲ್ಲ, ಆಗ್ಲೇ ಯೋಳಿದ್ರೆ ನಾನು ಬಾಯ್ ಮುಚ್ಕತಿರ್ನಿಲ್ಲ ಕಣ್ಲಾ.'

ಕೆಲಸ ಕಳೆದದ್ದನ್ನು ನಾನು ಲೆಕ್ಕ ಹಾಕಿಕೊಂಡಿದ್ದೆ, ಕೇರಿ ಮುರಿದದ್ದನ್ನು ಲೆಕ್ಕ ಹಾಕಿಕೊಂಡಿದ್ದೆ. ಇದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಅವಳು ಆಡದೆ ಬಿಟ್ಟ ಮಾತುಗಳು. ಅವು ಏನಾಗಿರುತ್ತಿದ್ದವು ಎಂದು ಈಗ ಅವಳಿಗೂ ಗೊತ್ತಿಲ್ಲ.

'ಕುಲ ಸೇರಿಸಿ ಅಂತ ತಮ್ಮಯ್ಯನಿಗೆ ಹೇಳ್ತೀನಿ ಅಕ್ಕ. ಎಲ್ಲರ ಮುಂದೆ ನಾನೇ ಹೇಳ್ತೀನಿ,' ಎಂದೆ.

ಆಗ ತಿರುಗಿ ನೋಡಿದಳು. 'ನೀ ಏನೂ ಯೋಳ್ಬ್ಯಾಡ. ನೀ ಯೋಳುದ್ರೆ, ಓದಿರೋನು, ದೊಡ್ ಮನಸ್ ಮಾಡಿ ಒಪ್ಕಂಡ ಅಂತಾರೆ. ಕೈ ಮುಗೀತಾರೆ ನಿಂಗೆ. ನಾನ್ ಯೋಳ್ತೀನಿ. ನೀ ಬಂದು ಕೂತ್ಕ.'

ಮುಂದಿನ ಬಸ್ಸು ಹತ್ತಿ ಹೋದಳು. ಕ್ಷಮಿಸಿದ್ದೇನೆ ಎನ್ನಲಿಲ್ಲ, ನಾನು ಕೇಳಿರಲೂ ಇಲ್ಲ.

ಕುಲಕ್ಕೆ ಅವಳೇ ಹೇಳಿ ಕಳಿಸಿದ್ದಾಳೆ, ಬರುವ ಅಮಾವಾಸ್ಯೆ ಕಳೆದ ಮೇಲೆ ಸೇರುತ್ತಾರಂತೆ. ಅವಳು ಹೇಳಿ ಮುಗಿಸುವ ತನಕ ಈ ಬರಹವನ್ನು ಯಾರ ಕೈಗೂ ಕೊಡುವುದಿಲ್ಲ. ಆವತ್ತು ನಮ್ಮೂರ ಗೇಟಿನಲ್ಲಿ ಇಳಿದು ಹೋಗುತ್ತೇನೆ. ಅವಳು ಎಷ್ಟು ಹೊತ್ತು ಮಾತಾಡಿದರೂ ನಡುವೆ ಬಾಯಿ ಹಾಕುವುದಿಲ್ಲ. ನೀನೇನಾದರೂ ಹೇಳುವುದಿದೆಯಾ ಎಂದು ಯಾರಾದರೂ ಕೇಳಿದರೆ, ಇಲ್ಲ ಎನ್ನುತ್ತೇನೆ.